ಎಷ್ಟು ಪಟ್ಟು ಅಂತ ಕೇಳಬೇಡಿ

ಈ ಸಲದ ಪ್ರಶ್ನೋತ್ತರ ಪೂರ್ತಿ ಮೈಕ್ರೋಸ್ಕೋಪಿಗೆ ಮೀಸಲು. "ನೀವು ದಿನಾ ಅದನ್ನೇ ಬಿಚ್ಚಿ ಜೋಡಿಸುತ್ತೀರಲ್ಲ, ನೀವೇ ಉತ್ತರ ಕೊಡಿ" ಎಂದು ಸಂಪಾದಕರು ಪತ್ರಗಳ ಕಟ್ಟನ್ನು ನನ್ನ ಕೈಗೆ ಹಾಕಿದರು. ಮಲ್ಲೇಶ್ವರದಲ್ಲಿ ನಮ್ಮದೊಂದು ಚಿಕ್ಕ ಸರ್ವಿಸ್ ಅಂಗಡಿ ಇದೆ. ಶಾಲೆ, ಕಾಲೇಜು, ರಕ್ತ ಪರೀಕ್ಷೆಯ ಲ್ಯಾಬುಗಳಿಂದ ಕೆಟ್ಟ ಮೈಕ್ರೋಸ್ಕೋಪುಗಳು ಇಲ್ಲಿಗೆ ಬರುತ್ತವೆ. ಅದಕ್ಕೂ ಮೊದಲು ಒಂದು ಸಂಶೋಧನಾ ಸಂಸ್ಥೆಯ ಇಮೇಜಿಂಗ್ ವಿಭಾಗದಲ್ಲಿ ಕೆಲಸದಲ್ಲಿದ್ದೆ. ನಾನು ವಿಜ್ಞಾನಿಯಲ್ಲ, ಮೆಕ್ಯಾನಿಕ್. ಹಾಗಾಗಿ ಉತ್ತರಗಳಲ್ಲಿ ಸ್ಕ್ರೂ, ಎಣ್ಣೆ, ಬಲ್ಬು ಸ್ವಲ್ಪ ಜಾಸ್ತಿನೇ ಬರುತ್ತವೆ. ಸಹಿಸಿಕೊಳ್ಳಿ.

ಪ್ರಶ್ನೆ: ಮೇಡಂ, 1600 ಎಕ್ಸ್ ಎಂದು ಬರೆದಿರುವ ಯುಎಸ್‌ಬಿ ಮೈಕ್ರೋಸ್ಕೋಪ್ ಆನ್‌ಲೈನ್‌ನಲ್ಲಿ ಎರಡು ಸಾವಿರ ರೂಪಾಯಿಗೆ ಸಿಗುತ್ತಿದೆ. ನಮ್ಮ ಕಾಲೇಜಿನಲ್ಲಿ ಇರೋದು ಬರೀ 400 ಎಕ್ಸ್. ಇದನ್ನು ತಗೊಂಡರೆ ವೈರಸ್ ನೋಡಬಹುದಾ? (ಪಿಯುಸಿ ವಿದ್ಯಾರ್ಥಿ, ರಾಜಾಜಿನಗರ)

ಉತ್ತರ: ಇಲ್ಲಪ್ಪ, ಕಾಣುವುದಿಲ್ಲ. ದುಡ್ಡು ಸದ್ಯಕ್ಕೆ ಜೇಬಿನಲ್ಲೇ ಇರಲಿ.

ಆ 1600 ಎಕ್ಸ್, ಅಂದರೆ 1600 ಪಟ್ಟು, ಎಲ್ಲಿಂದ ಬಂತು ಗೊತ್ತಾ? ಕ್ಯಾಮೆರಾ ಕೊಟ್ಟ ಚಿತ್ರವನ್ನು ಕಂಪ್ಯೂಟರ್ ಪರದೆಯ ಮೇಲೆ ಹಿಗ್ಗಿಸಿ ಹಾಕಿದ ಲೆಕ್ಕ ಅದು. ಪರದೆ ದೊಡ್ಡದಾದಷ್ಟೂ ಲೆಕ್ಕ ದೊಡ್ಡದು. ಚಿತ್ರದ ಜೊತೆ ಮಸುಕೂ ಹಿಗ್ಗುತ್ತದೆ. ಹೊಸದಾಗಿ ಏನೂ ಕಾಣುವುದಿಲ್ಲ.

ಕೇಳಬೇಕಾದ್ದು ಬೇರೆ. ಪಕ್ಕಪಕ್ಕ ಇರುವ ಎರಡು ಚುಕ್ಕೆ ಎರಡಾಗಿಯೇ ಕಾಣುತ್ತವೋ, ಅಂಟಿಕೊಂಡು ಒಂದಾಗಿ ಕಾಣುತ್ತವೋ? ರಾತ್ರಿ ತುಮಕೂರು ರಸ್ತೆಯಲ್ಲಿ ದೂರದಿಂದ ಬರುವ ಲಾರಿಯ ಹೆಡ್‌ಲೈಟು ಮೊದಲು ಒಂದೇ ದೀಪ ಅನ್ನಿಸುತ್ತದೆ. ಹತ್ತಿರ ಬಂದ ಮೇಲಲ್ವಾ ಎರಡು ಅಂತ ಗೊತ್ತಾಗೋದು? ದೂರದ ಆ ಒಂದು ದೀಪದ ಫೋಟೋ ತೆಗೆದು ಗೋಡೆಯಷ್ಟು ದೊಡ್ಡದು ಮಾಡಿದರೂ ಅದು ಒಂದೇ ದೀಪ.

ಬೆಳಕಿನ ಮೈಕ್ರೋಸ್ಕೋಪಿಗೆ ಇಂಥದ್ದೊಂದು ಗಡಿ ಇದೆ ಎಂದು 1873ರಲ್ಲಿ ಹೇಳಿದವರು ಅರ್ನ್ಸ್ಟ್ ಅಬೆ. ಜರ್ಮನಿಯ ಯೇನಾ ಊರಿನಲ್ಲಿದ್ದುಕೊಂಡು ಜೈಸ್ ಕಾರ್ಖಾನೆಗೆ ಲೆನ್ಸಿನ ಲೆಕ್ಕ ಹಾಕಿಕೊಡುತ್ತಿದ್ದವರು. ಬೆಳಕು ಒಂದು ಅಲೆ. ಆ ಅಲೆಯ ಉದ್ದದ ಅರ್ಧಕ್ಕಿಂತ ತೀರಾ ಕಡಿಮೆ ದೂರದಲ್ಲಿರುವ ಚುಕ್ಕೆಗಳನ್ನು ಲೆನ್ಸ್ ಬಿಡಿಸಿ ತೋರಿಸಲಾರದು. ಆ ಸೂತ್ರವನ್ನು ಯೇನಾದಲ್ಲಿ ಅವರ ಸ್ಮಾರಕದ ಕಲ್ಲಿನ ಮೇಲೇ ಕೆತ್ತಿದ್ದಾರೆ. ಹಸಿರು ಬೆಳಕಿನ ಅಲೆ ಸುಮಾರು 550 ನ್ಯಾನೋಮೀಟರ್ ಉದ್ದ. ತುಂಬಾ ಒಳ್ಳೆಯ ಲೆನ್ಸ್ ಹಾಕಿದರೆ ಗಡಿ 200 ನ್ಯಾನೋಮೀಟರ್ ಹತ್ತಿರ ಬಂದು ನಿಲ್ಲುತ್ತದೆ. ಕೊರೊನಾ ವೈರಸ್ ಸುಮಾರು 100 ನ್ಯಾನೋಮೀಟರ್. ಮುಗೀತಲ್ಲ.

ಈಗ ಕಾಲೇಜಿನ ಮೈಕ್ರೋಸ್ಕೋಪಿನ ಆಬ್ಜೆಕ್ಟಿವ್ ಲೆನ್ಸನ್ನು, ಅಂದರೆ ಸ್ಲೈಡಿನ ಹತ್ತಿರ ಇರುವ ಲೆನ್ಸನ್ನು, ಒಮ್ಮೆ ಓದಿ ನೋಡು. ಅದರ ಮೇಲೆ 40 ಎಂದೂ, ಪಕ್ಕದಲ್ಲಿ 0.65 ಎಂದೂ ಇರುತ್ತದೆ. ಎಲ್ಲರೂ 40 ನೋಡುತ್ತಾರೆ. ನಮ್ಮ ಅಂಗಡಿಯಲ್ಲಿ ಮೊದಲು ನೋಡುವುದು 0.65. ಅದಕ್ಕೆ ನ್ಯೂಮರಿಕಲ್ ಅಪರ್ಚರ್ ಅಂತಾರೆ, ಬಾಯಲ್ಲಿ ಎನ್‌ಎ. ಲೆನ್ಸು ಎಷ್ಟು ಅಗಲದಿಂದ ಬೆಳಕನ್ನು ಬಾಚಿಕೊಳ್ಳುತ್ತದೆ ಎಂಬುದರ ಅಳತೆ ಅದು. ಅಲೆಯ ಉದ್ದವನ್ನು ಎನ್‌ಎಯ ಎರಡರಷ್ಟರಿಂದ ಭಾಗಿಸಿದರೆ ನಿನ್ನ ಲೆನ್ಸಿನ ಗಡಿ ಸಿಗುತ್ತದೆ. 0.65ಕ್ಕೆ ಸುಮಾರು 420 ನ್ಯಾನೋಮೀಟರ್. ಎಣ್ಣೆ ಹಾಕಿ ನೋಡುವ 100ರ ಲೆನ್ಸಿನಲ್ಲಿ ಎನ್‌ಎ 1.25 ಇದ್ದರೆ 220. ಎನ್‌ಎಯನ್ನು 1000ದಿಂದ ಗುಣಿಸು. ಒಟ್ಟು ಹಿಗ್ಗಿಕೆ ಅದಕ್ಕಿಂತ ಜಾಸ್ತಿ ಆದರೆ ಅದು ಸುಮ್ನೆ ಹಿಗ್ಗಿಕೆ. ಯುಎಸ್‌ಬಿ ಡಬ್ಬದ ಮೇಲೆ ಎನ್‌ಎ ಎಷ್ಟೆಂದು ಹುಡುಕು. ಬರೆದಿರುವುದನ್ನು ನಾನಂತೂ ನೋಡಿಲ್ಲ. ಎಲೆಯ ಮೇಲಿನ ಹೇನು, ಸರ್ಕ್ಯೂಟ್ ಬೋರ್ಡಿನ ಬೆಸುಗೆ ನೋಡಲು ಅದು ಒಳ್ಳೆಯ ಸಾಮಾನು, ಇಲ್ಲ ಅನ್ನೋದಿಲ್ಲ.

ವೈರಸ್ಸನ್ನು ಕಂಡದ್ದು ಬೆಳಕನ್ನೇ ಬಿಟ್ಟು. ಎಲೆಕ್ಟ್ರಾನಿನ ಅಲೆ ಬೆಳಕಿನ ಅಲೆಗಿಂತ ಬಹಳ ಬಹಳ ಚಿಕ್ಕದು. 1931ರಲ್ಲಿ ಬರ್ಲಿನ್‌ನಲ್ಲಿ ಅರ್ನ್ಸ್ಟ್ ರುಸ್ಕಾ ಮತ್ತು ಮ್ಯಾಕ್ಸ್ ನಾಲ್ ಮೊದಲ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಕಟ್ಟಿದರು. 1939ರಲ್ಲಿ ಹೊಗೆಸೊಪ್ಪಿನ ಗಿಡಕ್ಕೆ ರೋಗ ತರುವ ವೈರಸ್ಸಿನ ಚಿತ್ರ ಬಂತು. ರುಸ್ಕಾಗೆ ನೊಬೆಲ್ ಸಿಕ್ಕಿದ್ದು 1986ರಲ್ಲಿ. ಐವತ್ತೈದು ವರ್ಷ ಕಾದರು ಪಾಪ.

ಪ್ರಶ್ನೆ: ನಮ್ಮ ಹೈಸ್ಕೂಲಿನಲ್ಲಿ ಕೆರೆ ನೀರಿನ ಹನಿ ಇಟ್ಟು ಮಕ್ಕಳಿಗೆ ಸೂಕ್ಷ್ಮಜೀವಿ ತೋರಿಸೋಣ ಎಂದರೆ ಬರೀ ಬಿಳಿ ಬೆಳಕು ಕಾಣುತ್ತದೆ. ಬಣ್ಣ ಹಾಕಿದರೆ ಅವು ಸತ್ತು ಹೋಗುತ್ತವೆ. ಹೊಸ ಮೈಕ್ರೋಸ್ಕೋಪಿಗೆ ಅನುದಾನ ಕೇಳಬೇಕೇ? (ವಿಜ್ಞಾನ ಶಿಕ್ಷಕಿ, ಯಲಹಂಕ)

ಉತ್ತರ: ಬೇಡಿ ಟೀಚರಮ್ಮ, ಮೊದಲು ಸ್ಲೈಡ್ ಇಡುವ ಸ್ಟೇಜಿನ ಕೆಳಗೆ ಬಗ್ಗಿ ನೋಡಿ.

ಅಲ್ಲಿ ಬೆಳಕನ್ನು ಸ್ಲೈಡಿನ ಮೇಲೆ ಕೂಡಿಸುವ ಕಂಡೆನ್ಸರ್ ಇದೆ. ಅದಕ್ಕೆ ಒಂದು ಸಣ್ಣ ಹಿಡಿ ಇರುವ ಡಯಾಫ್ರಂ, ಅಂದರೆ ಬೆಳಕಿನ ಕಿಂಡಿಯನ್ನು ಹಿರಿದು ಕಿರಿದು ಮಾಡುವ ಭಾಗ, ಇದೆ. ಶಾಲೆಗಳಿಂದ ನಮ್ಮಲ್ಲಿಗೆ ಬರುವ ಮೈಕ್ರೋಸ್ಕೋಪುಗಳಲ್ಲಿ ಆ ಹಿಡಿ ಪೂರ್ತಿ ತೆರೆದ ಕಡೆಗೇ ತುಕ್ಕು ಹಿಡಿದು ಕೂತಿರುತ್ತದೆ. ಬೆಳಕು ಜಾಸ್ತಿ ಇದ್ದರೆ ಒಳ್ಳೆಯದು ಎಂದು ಯಾರೋ ತೆರೆದಿಟ್ಟವರು ಮತ್ತೆ ಮುಟ್ಟಿರುವುದಿಲ್ಲ. ಕೆರೆ ನೀರಿನ ಜೀವಿಗೆ ಬಣ್ಣವಿಲ್ಲ. ಅದರ ಮೈಯಲ್ಲೂ ಹೆಚ್ಚುಪಾಲು ನೀರೇ. ಎಲ್ಲ ಕಡೆಯಿಂದ ಬೆಳಕು ನುಗ್ಗಿಸಿದರೆ ಅದು ಮಾಯ. ಹಿಡಿಯನ್ನು ಮೆಲ್ಲಗೆ ಮುಚ್ಚುತ್ತಾ ಬನ್ನಿ. ಅಂಚುಗಳು ಕಪ್ಪಗೆ ಮೂಡಿ, ಪ್ಯಾರಮೀಸಿಯಂ ಓಡಾಡುವುದು ಕಾಣುತ್ತದೆ. ಪೂರ್ತಿ ಮುಚ್ಚಬೇಡಿ. ಹಾಗೆ ಮಾಡಿದರೆ ಸೂಕ್ಷ್ಮ ವಿವರ ಹೋಗುತ್ತದೆ.

ಇನ್ನೊಂದು ಉಪಾಯ. ಕಪ್ಪು ಡ್ರಾಯಿಂಗ್ ಹಾಳೆಯಲ್ಲಿ ನಾಲ್ಕಾಣೆ ನಾಣ್ಯಕ್ಕಿಂತ ಚಿಕ್ಕ ಬಿಲ್ಲೆಗಳನ್ನು ಬೇರೆ ಬೇರೆ ಅಳತೆಯಲ್ಲಿ ಕತ್ತರಿಸಿ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ನಡುವಿಗೆ ಅಂಟಿಸಿ. ಕಂಡೆನ್ಸರ್ ಕೆಳಗಿನ ಫಿಲ್ಟರ್ ಬಳೆಯಲ್ಲಿ ಇಡಿ. ಡಯಾಫ್ರಂ ಈಗ ಪೂರ್ತಿ ತೆರೆದಿರಲಿ. ನೇರ ಬೆಳಕು ಬಿಲ್ಲೆಗೆ ತಡೆದು ನಿಲ್ಲುತ್ತದೆ. ಬದಿಯಿಂದ ಬಂದ ಬೆಳಕು ಜೀವಿಗೆ ತಾಗಿ ಚದುರಿದ್ದು ಮಾತ್ರ ಲೆನ್ಸಿಗೆ ಬರುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಜೀವಿಗಳು ಹೊಳೆಯುತ್ತವೆ. 4 ಮತ್ತು 10ರ ಲೆನ್ಸಿಗೆ ಇದು ಚೆನ್ನಾಗಿ ನಡೆಯುತ್ತದೆ. 40ಕ್ಕೆ ಕಷ್ಟ. ಖರ್ಚು ಒಂದು ಹಾಳೆ. ಇದಕ್ಕೆ ಡಾರ್ಕ್ ಫೀಲ್ಡ್ ಎಂದು ಹೆಸರು.

ಇದೇ ತೊಂದರೆಗೆ ದೊಡ್ಡ ಉತ್ತರ ಹುಡುಕಿದವರು ಹಾಲೆಂಡಿನ ಫ್ರಿಟ್ಸ್ ಜೆರ್ನಿಕೆ. ಅವರು ಜೀವಶಾಸ್ತ್ರದವರೇ ಅಲ್ಲ, ಗ್ರೋನಿಂಗೆನ್ ವಿಶ್ವವಿದ್ಯಾಲಯದ ಭೌತಶಾಸ್ತ್ರಜ್ಞ. ಜೀವಕೋಶದ ಮೂಲಕ ಹಾದ ಬೆಳಕಿನ ಹೊಳಪು ಕಮ್ಮಿಯಾಗುವುದಿಲ್ಲ, ಆದರೆ ಅಲೆ ಸ್ವಲ್ಪ ಹಿಂದೆ ಬೀಳುತ್ತದೆ. ನಮ್ಮ ಕಣ್ಣಿಗೆ ಹೊಳಪು ಗೊತ್ತಾಗುತ್ತದೆ, ಹಿಂದೆ ಬಿದ್ದದ್ದು ಗೊತ್ತಾಗುವುದಿಲ್ಲ. ಕಂಡೆನ್ಸರಿನಲ್ಲಿ ಒಂದು ಬಳೆಯಾಕಾರದ ಕಿಂಡಿ, ಆಬ್ಜೆಕ್ಟಿವ್ ಒಳಗೆ ಅದಕ್ಕೆ ಸರಿಯಾಗಿ ಹೊಂದುವ ಒಂದು ತೆಳು ಪದರ. ಇವೆರಡನ್ನು ಸೇರಿಸಿ ಜೆರ್ನಿಕೆ ಆ ಹಿಂದೆ ಬಿದ್ದದ್ದನ್ನೇ ಕಪ್ಪು ಬಿಳುಪಾಗಿ ತೋರಿಸಿದರು. ಬಣ್ಣ ಹಾಕದೆ, ಕೊಲ್ಲದೆ, ಜೀವಕೋಶ ಎರಡಾಗಿ ಒಡೆಯುವುದನ್ನು ಕೂತು ನೋಡುವಂತಾಯಿತು.

1932ರಲ್ಲಿ ಇದನ್ನು ಹಿಡಿದುಕೊಂಡು ಯೇನಾಕ್ಕೆ ಹೋದರೆ, ಜೈಸ್‌ನವರು ಬೆಲೆಯನ್ನೇ ಕೊಡಲಿಲ್ಲ. ಇದರಿಂದ ಉಪಯೋಗ ಇದ್ದಿದ್ದರೆ ನಾವೇ ಎಂದೋ ಕಂಡುಹಿಡಿಯುತ್ತಿದ್ದೆವು ಎಂಬ ಧಾಟಿಯ ಮಾತು ಬಂತಂತೆ. ಯುದ್ಧದ ಸಮಯದಲ್ಲಿ, 1941ರಲ್ಲಿ, ಜರ್ಮನ್ ಸೇನೆ ಯಾವ ಯಾವ ಆವಿಷ್ಕಾರ ಮೂಲೆಯಲ್ಲಿ ಬಿದ್ದಿವೆ ಎಂದು ಪಟ್ಟಿ ಮಾಡಿದಾಗ ಇದು ಹೊರಗೆ ಬಂದು ತಯಾರಿಕೆಗೆ ಹೋಯಿತು. 1953ರಲ್ಲಿ ಜೆರ್ನಿಕೆಗೆ ನೊಬೆಲ್. ಲೆನ್ಸು ಒಂದಿಷ್ಟೂ ದೊಡ್ಡದು ಮಾಡಲಿಲ್ಲ ಅವರು, ಗಮನಿಸಿ.

ಹಳೆಯ ಮೈಕ್ರೋಸ್ಕೋಪುಗಳ ಹಿಡಿ ತಿರುಗದಿದ್ದರೆ ಬಲವಂತ ಮಾಡಬೇಡಿ. ಡಯಾಫ್ರಂ ಒಳಗಿನ ಎಲೆಗಳು ಕಾಗದದಷ್ಟು ತೆಳ್ಳಗಿರುತ್ತವೆ, ಮಡಚಿಕೊಂಡರೆ ಮುಗಿಯಿತು. ಯಾರಾದರೂ ತಿಳಿದವರಿಂದ ಬಿಚ್ಚಿಸಿ, ಸ್ಪಿರಿಟ್ಟಿನಲ್ಲಿ ತೊಳೆಸಿ. ಎಣ್ಣೆ ಮಾತ್ರ ಹಾಕಿಸಬೇಡಿ.

ಪ್ರಶ್ನೆ: ನಮ್ಮ ಲ್ಯಾಬಿನಲ್ಲಿ ರಕ್ತದ ಸ್ಮಿಯರ್ 100ರ ಆಯಿಲ್ ಲೆನ್ಸಿನಲ್ಲಿ ಚೆನ್ನಾಗಿ ಕಾಣುತ್ತದೆ. 40ರಲ್ಲಿ ಮಂಜು ಮಂಜು. ಲೆನ್ಸ್ ಹಾಳಾಗಿದೆಯಾ? ಮಳೆಗಾಲದಲ್ಲಿ ಇನ್ನೂ ಜಾಸ್ತಿ. (ಲ್ಯಾಬ್ ಟೆಕ್ನೀಷಿಯನ್, ವಿಜಯನಗರ)

ಉತ್ತರ: ಎರಡು ಕಾರಣ ಇರಬಹುದು. ಮೊದಲನೆಯದು ಲೆನ್ಸಿನ ತಪ್ಪೇ ಅಲ್ಲ. 40ರ ಆಬ್ಜೆಕ್ಟಿವ್ ಮೇಲೆ 0.17 ಎಂದು ಬರೆದಿರುತ್ತದೆ, ನೋಡಿ. ಮಾದರಿಯ ಮೇಲೆ ಮುಚ್ಚುವ ತೆಳು ಗಾಜು, ಅಂದರೆ ಕವರ್ ಸ್ಲಿಪ್, 0.17 ಮಿಲಿಮೀಟರ್ ದಪ್ಪ ಇದೆ ಎಂದು ಲೆಕ್ಕ ಹಿಡಿದೇ ಆ ಲೆನ್ಸನ್ನು ಮಾಡಿರುತ್ತಾರೆ. ಗಾಜಿನ ಮೇಲೆ ತೆಳ್ಳಗೆ ಸವರಿದ ನಿಮ್ಮ ರಕ್ತದ ಸ್ಮಿಯರಿಗೆ ಕವರ್ ಸ್ಲಿಪ್ ಇಲ್ಲ. ಅದಕ್ಕೇ ಮಂಜು. ಸ್ಮಿಯರ್ ಮೇಲೆ ಒಂದು ಹನಿ ಇಮ್ಮರ್ಶನ್ ಆಯಿಲ್ ಬಿಟ್ಟು, ಅದರ ಮೇಲೆ ಕವರ್ ಸ್ಲಿಪ್ ಕೂರಿಸಿ, 40 ತಿರುಗಿಸಿ. ಲೆನ್ಸಿಗೆ ಎಣ್ಣೆ ತಾಗದಂತೆ ನೋಡಿಕೊಳ್ಳಿ.

ಎರಡನೆಯದು ಅದೇ ಎಣ್ಣೆ. ಎಣ್ಣೆ ಹಾಕಿದ ಸ್ಲೈಡಿನ ಮೇಲೆ 100ರಿಂದ 40ಕ್ಕೆ ತಿರುಗಿಸಿದಾಗ ಸುಮ್ನೆ ಸವರಿಕೊಂಡು ಹೋಗಿರುತ್ತದೆ. 40ರದ್ದು ಒಣ ಲೆನ್ಸ್, ಅದಕ್ಕೆ ಎಣ್ಣೆ ಆಗಿಬರುವುದಿಲ್ಲ. ಲೆನ್ಸ್ ಪೇಪರಿನಲ್ಲಿ ಒರೆಸಿ. ಏಪ್ರನ್ ತುದಿಯಲ್ಲಿ ಒರೆಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಿಂದೆ ಸೀಡರ್ ಮರದ ಎಣ್ಣೆ ಬಳಸುತ್ತಿದ್ದರು. ಹಾಗೇ ಬಿಟ್ಟರೆ ಗಟ್ಟಿಯಾಗಿ ಗೋಂದಾಗುತ್ತಿತ್ತು. ಈಗಿನದು ಗಟ್ಟಿಯಾಗುವುದಿಲ್ಲ ಎಂದು ಒರೆಸದೆ ಮನೆಗೆ ಹೋಗುವುದು ಬೇರೆ ರೋಗ.

100ಕ್ಕೆ ಎಣ್ಣೆ ಯಾಕೆ ಬೇಕು? ಗಾಜಿನಿಂದ ಗಾಳಿಗೆ ಬಂದ ಬೆಳಕು ಬಾಗಿ ಹೊರಗೆ ಹೋಗಿಬಿಡುತ್ತದೆ. ಎಣ್ಣೆಯೂ ಗಾಜೂ ಬೆಳಕನ್ನು ಹೆಚ್ಚುಕಡಿಮೆ ಒಂದೇ ಸಮ ಬಾಗಿಸುತ್ತವೆ. ನಡುವೆ ಎಣ್ಣೆ ಇದ್ದರೆ ಬೆಳಕು ನೇರ ಲೆನ್ಸಿಗೇ ಬರುತ್ತದೆ. ಎನ್‌ಎ 1ನ್ನು ದಾಟುವುದು ಎಣ್ಣೆಯ ದಯೆಯಿಂದ.

ಮಳೆಗಾಲದ ಮಂಜಿಗೆ ಬೂಷ್ಟು ಕಾರಣ. ಲೆನ್ಸಿನ ಪದರಗಳ ನಡುವೆ ಬೆಳೆದರೆ ಒರೆಸಿ ತೆಗೆಯಲಾಗದು. ಗಾಜಿನ ಮೇಲಿನ ಲೇಪವನ್ನೂ ಕೆಡಿಸುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಇಡಿ, ಬಣ್ಣ ಬದಲಾದಾಗ ಒಣಗಿಸಿ. ಪ್ಲಾಸ್ಟಿಕ್ ಕವರನ್ನು ರಾತ್ರಿಯಿಡೀ ಬಿಗಿಯಾಗಿ ಮುಚ್ಚಿಡುವುದು ಬೂಷ್ಟಿಗೆ ಅನುಕೂಲ.

ಮಲೇರಿಯಾ ಸ್ಲೈಡ್ ನೋಡುವ ನಿಮಗೆ ಒಂದು ಮಾತು ಹೇಳಲೇಬೇಕು. ಸೊಳ್ಳೆಯಿಂದ ಮಲೇರಿಯಾ ಬರುತ್ತದೆ ಎಂಬುದಕ್ಕೆ ಸಾಕ್ಷಿ ಹುಡುಕಿದ ರೊನಾಲ್ಡ್ ರಾಸ್ 1883ರಲ್ಲಿ ನಮ್ಮ ಬೆಂಗಳೂರಿನ ದಂಡಿನಲ್ಲೇ ವೈದ್ಯರಾಗಿದ್ದರು. ನಿಂತ ನೀರು ಇಲ್ಲದಂತೆ ಮಾಡಿದರೆ ಸೊಳ್ಳೆ ಕಡಿಮೆಯಾಗುತ್ತದೆ ಎಂದು ಗಮನಿಸಿದ್ದು ಇಲ್ಲೇ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಪರಾವಲಂಬಿಯನ್ನು ಕಂಡರು. ಆ ದಿನಗಳಲ್ಲಿ ಅವರ ಮೈಕ್ರೋಸ್ಕೋಪಿನ ಸ್ಕ್ರೂಗಳು ಹಣೆಯ, ಕೈಯ ಬೆವರಿಗೆ ತುಕ್ಕು ಹಿಡಿದಿದ್ದವು. ಕಣ್ಣಿಟ್ಟು ನೋಡುವ ಐಪೀಸ್ ಉಳಿದಿದ್ದು ಒಂದೇ, ಅದೂ ಬಿರುಕು ಬಿಟ್ಟಿತ್ತು. ಅಂಥದ್ದು ಇವತ್ತು ನಮ್ಮ ಅಂಗಡಿಗೆ ಬಂದರೆ "ಗುಜರಿಗೆ ಹಾಕಿ" ಅಂದುಬಿಡುತ್ತೇವೋ ಏನೋ.

ಪ್ರಶ್ನೆ: ಮಗಳು ಬಯೋಟೆಕ್ನಾಲಜಿ ಓದುತ್ತಿದ್ದಾಳೆ. ಅವಳ ಫೋನಿನಲ್ಲಿ ಜೀವಕೋಶಗಳ ಹಸಿರು, ಕೆಂಪು ಹೊಳೆಯುವ ಫೋಟೋ ನೋಡಿದೆ. ಅಷ್ಟು ಚೆಂದದ ಬಣ್ಣ ನಿಜವಾಗಲೂ ನಮ್ಮ ಒಳಗೆ ಇದೆಯೇ? (ಗೃಹಿಣಿ, ಬಸವನಗುಡಿ)

ಉತ್ತರ: ಇಲ್ಲ ಅಮ್ಮ, ಅದು ಹಚ್ಚಿದ ಬಣ್ಣ. ಆದರೆ ಸುಳ್ಳು ಬಣ್ಣವೂ ಅಲ್ಲ. ಅದರ ಕಥೆ ಚೆನ್ನಾಗಿದೆ, ಕೇಳಿ.

ಜಪಾನಿನ ಒಸಾಮು ಶಿಮೊಮುರಾ 1961ರ ಬೇಸಿಗೆಯಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಫ್ರೈಡೇ ಹಾರ್ಬರ್‌ನಲ್ಲಿ ಜೆಲ್ಲಿ ಮೀನು ಹಿಡಿಯುತ್ತಿದ್ದರು. ಒಂದೆರಡಲ್ಲ, ಸುಮಾರು ಹತ್ತು ಸಾವಿರ. ಅದರ ಅಂಚಿನಲ್ಲಿ ಹೊಳೆಯುವ ಭಾಗವನ್ನು ಕತ್ತರಿಸಿ, ಹಿಂಡಿ, ಬೆಳಕು ಕೊಡುವ ವಸ್ತು ಯಾವುದು ಎಂದು ಹುಡುಕಿದರು. ಹುಡುಕಿದ್ದು ಸಿಕ್ಕಿತು. ಅದರ ಜೊತೆಗೆ ಇನ್ನೊಂದು ಪ್ರೋಟೀನೂ ಬಂತು. ನೀಲಿ ಬೆಳಕು ಬಿಟ್ಟರೆ ಅದು ಹಸಿರು ಬೆಳಕು ಕೊಡುತ್ತದೆ. ಹೆಸರು ಗ್ರೀನ್ ಫ್ಲೋರೆಸೆಂಟ್ ಪ್ರೋಟೀನ್, ಚಿಕ್ಕದಾಗಿ ಜಿಎಫ್‌ಪಿ. 1962ರಲ್ಲಿ ಅದರ ಬಗ್ಗೆ ಬರೆದರು. ಆಗ ಯಾರೂ ತಲೆಕೆಡಿಸಿಕೊಳ್ಳಲಿಲ್ಲ.

ಮೂವತ್ತು ವರ್ಷ ಕಳೆದ ಮೇಲೆ, 1992ರಲ್ಲಿ, ಡಗ್ಲಸ್ ಪ್ರಾಶರ್ ಆ ಪ್ರೋಟೀನಿನ ಜೀನನ್ನು ಬೇರ್ಪಡಿಸಿದರು. ಅವರ ಸಂಶೋಧನೆಗೆ ದುಡ್ಡು ನಿಂತುಹೋಗಿತ್ತು. ಕೆಲಸ ಬಿಡುವ ಮೊದಲು ಕೇಳಿದವರಿಗೆ ಜೀನನ್ನು ಹಂಚಿದರು. ಮಾರ್ಟಿನ್ ಚಾಲ್ಫಿ ಅದನ್ನು ಒಂದು ಚಿಕ್ಕ ಹುಳುವಿನೊಳಗೆ ಸೇರಿಸಿದರು. ಹುಳುವಿನ ನರಗಳು ಹಸಿರಾಗಿ ಹೊಳೆದವು. ಅದು 1994. ರೋಜರ್ ಚೆನ್ ಅದನ್ನು ತಿದ್ದಿ ಬೇರೆ ಬೇರೆ ಬಣ್ಣ ಬರಿಸಿದರು. 2008ರಲ್ಲಿ ಶಿಮೊಮುರಾ, ಚಾಲ್ಫಿ, ಚೆನ್ ಮೂವರಿಗೆ ನೊಬೆಲ್. ಆಗ ಪ್ರಾಶರ್ ಅಲಬಾಮಾದ ಒಂದು ಕಾರ್ ಷೋರೂಮಿನಲ್ಲಿ ಗ್ರಾಹಕರನ್ನು ಕರೆದೊಯ್ಯುವ ವ್ಯಾನ್ ಓಡಿಸುತ್ತಿದ್ದರು. ಚಾಲ್ಫಿ, ಚೆನ್ ಇಬ್ಬರೂ ತಮ್ಮ ಖರ್ಚಿನಲ್ಲಿ ಅವರನ್ನು ಸ್ಟಾಕ್‌ಹೋಮಿಗೆ ಕರೆಸಿಕೊಂಡರು. ನೊಬೆಲ್ ಮೂರಕ್ಕಿಂತ ಹೆಚ್ಚು ಜನಕ್ಕೆ ಹಂಚುವುದಿಲ್ಲ. ನನಗೆ ಆ ನಿಯಮ ಇಷ್ಟವಿಲ್ಲ.

ಮಗಳ ಫೋಟೋದಲ್ಲಿ ಇನ್ನೊಂದು ವಿಷಯ ಇದೆ. ಸಂಶೋಧನೆಗೆ ಬಳಸುವ ಒಳ್ಳೆಯ ಕ್ಯಾಮೆರಾಗಳು ಹೆಚ್ಚಿನವು ಕಪ್ಪು ಬಿಳುಪಿನವು. ಹಸಿರು ಬೆಳಕು ಮಾತ್ರ ಬಿಡುವ ಫಿಲ್ಟರ್ ಹಾಕಿ ಒಂದು ಚಿತ್ರ, ಕೆಂಪಿನದು ಹಾಕಿ ಇನ್ನೊಂದು. ಆಮೇಲೆ ಕಂಪ್ಯೂಟರಿನಲ್ಲಿ ಬಣ್ಣ ಕೊಟ್ಟು ಒಂದರ ಮೇಲೊಂದು ಕೂರಿಸುತ್ತಾರೆ. ಕಣ್ಣಿಗೆ ಕಾಣದ ಕೆಂಪಿನಾಚೆಯ ಬೆಳಕಿಗೂ ಒಂದು ಬಣ್ಣ ಕೊಡುತ್ತಾರೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಂತೂ ಬಣ್ಣ ಎನ್ನುವುದೇ ಇಲ್ಲ. ಪತ್ರಿಕೆಗಳಲ್ಲಿ ಬರುವ ಕೆಂಪು ಕೊರೊನಾ ಪೂರ್ತಿ ಕಂಪ್ಯೂಟರಿನ ಕೈಚಳಕ.

ಪ್ರಶ್ನೆ: ಬೆಂಗಳೂರಿನಲ್ಲಿ ತುಂಬಾ ದೊಡ್ಡ ಮೈಕ್ರೋಸ್ಕೋಪ್ ಎಲ್ಲಿದೆ? ನಮ್ಮಂಥವರು ಹೋಗಿ ನೋಡಬಹುದೇ? (ನಿವೃತ್ತ ಬ್ಯಾಂಕ್ ನೌಕರರು, ಜಯನಗರ)

ಉತ್ತರ: ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದೊಳಗೆ ಎನ್‌ಸಿಬಿಎಸ್, ಇನ್‌ಸ್ಟೆಮ್ ಎಂಬ ಜೀವಶಾಸ್ತ್ರ ಸಂಶೋಧನಾ ಸಂಸ್ಥೆಗಳಿವೆ. ಅಲ್ಲಿ ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ, ಅಂದರೆ ಮಾದರಿಯನ್ನು ತುಂಬಾ ತಣ್ಣಗೆ ಮಾಡಿ ನೋಡುವ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ, ರಾಷ್ಟ್ರೀಯ ಕೇಂದ್ರ ಇದೆ. ಟೈಟನ್ ಕ್ರಿಯೋಸ್ ಎಂಬ ಯಂತ್ರ. ಇಬ್ಬರು ಒಬ್ಬರ ಮೇಲೊಬ್ಬರು ನಿಂತರೂ ಅದರ ತುದಿ ಮುಟ್ಟುವುದು ಕಷ್ಟ. 300 ಕಿಲೋವೋಲ್ಟಿನಲ್ಲಿ ಎಲೆಕ್ಟ್ರಾನ್ ಓಡಿಸುತ್ತದೆ. ಪ್ರೋಟೀನಿನ ಆಕಾರವನ್ನು ಅಣುಗಳ ಮಟ್ಟದಲ್ಲಿ ಹಿಡಿಯುವುದು ಅದರ ಕೆಲಸ. ಇದರಲ್ಲೂ ಜಾಣತನ ಇರುವುದು ಮಾದರಿಯನ್ನು ತಯಾರು ಮಾಡುವುದರಲ್ಲಿ. ನೀರನ್ನು ಸಾಧಾರಣವಾಗಿ ಹೆಪ್ಪುಗಟ್ಟಿಸಿದರೆ ಹರಳು ಹರಳಾಗಿ ಪ್ರೋಟೀನನ್ನು ಕೆಡಿಸುತ್ತದೆ. ತುಂಬಾ ತಣ್ಣಗಿನ ದ್ರವ ಈಥೇನಿನಲ್ಲಿ ಸಟ್ಟಂತ ಅದ್ದಿದರೆ ಹರಳಾಗಲು ಸಮಯವೇ ಸಿಗದೆ ಗಾಜಾಗುತ್ತದೆ. ಈ ದಾರಿ ತೋರಿಸಿದವರು ಜಾಕ್ ದ್ಯುಬೊಶೆ. 2017ರ ರಸಾಯನಶಾಸ್ತ್ರ ನೊಬೆಲ್ ಅವರಿಗೆ, ಯೋಆಕಿಮ್ ಫ್ರಾಂಕ್ ಮತ್ತು ರಿಚರ್ಡ್ ಹೆಂಡರ್ಸನ್ ಜೊತೆ.

ಅದನ್ನು ಹಾಗೇ ಹೋಗಿ ನೋಡಲಾಗದು ಸರ್. ನಮ್ಮ ಮಲ್ಲೇಶ್ವರದ ಪಕ್ಕದ ಐಐಎಸ್‌ಸಿಯಲ್ಲಿ ಓಪನ್ ಡೇ ನಡೆಯುತ್ತದೆ. ಆ ದಿನ ಎಲ್ಲರಿಗೂ ಒಳಗೆ ಬಿಡುತ್ತಾರೆ. ಪತ್ರಿಕೆಯಲ್ಲಿ ಪ್ರಕಟಣೆ ಬಂದಾಗ ಬೆಳಗ್ಗೆ ಬೇಗ ಹೊರಡಿ, ಮಧ್ಯಾಹ್ನ ಹೋದರೆ ಕಾಲಿಡಲು ಜಾಗ ಇರುವುದಿಲ್ಲ.

ಪ್ರಶ್ನೆ: ಅಕ್ಕಾ, ನಾನು ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಕೊನೆಯ ವರ್ಷ. ಮೈಕ್ರೋಸ್ಕೋಪಿನಲ್ಲಿ ಹೊಸದಾಗಿ ಕಂಡುಹಿಡಿಯಲು ಇನ್ನೇನಾದರೂ ಉಳಿದಿದೆಯೇ? ಒಂದು ಐಡಿಯಾ ಇದೆ, ಪೇಟೆಂಟ್ ಮಾಡಿಸಬೇಕಾ? (ವಿದ್ಯಾರ್ಥಿ, ಕೆಂಗೇರಿ)

ಉತ್ತರ: ಉಳಿದಿದೆಯಾ ಅಂದರೆ! ಅಬೆಯ ಗಡಿಯನ್ನು ನೂರಿಪ್ಪತ್ತು ವರ್ಷ ಯಾರೂ ಅಲ್ಲಾಡಿಸಲಾಗದು ಅಂದುಕೊಂಡಿದ್ದರು. 1994ರಲ್ಲಿ ಸ್ಟೀಫನ್ ಹೆಲ್ ಒಂದು ದಾರಿ ಹೇಳಿದರು. ಒಂದು ಲೇಸರಿನಿಂದ ಚುಕ್ಕೆಯನ್ನು ಹೊಳೆಸಿ, ಇನ್ನೊಂದು ಬಳೆಯಾಕಾರದ ಲೇಸರಿನಿಂದ ಅದರ ಸುತ್ತಲಿನ ಹೊಳಪನ್ನು ಆರಿಸಿಬಿಡುವುದು. ನಡುವೆ ಉಳಿದ ಚುಕ್ಕೆ ಗಡಿಗಿಂತ ಚಿಕ್ಕದು. ಎರಿಕ್ ಬೆಟ್ಜಿಗ್ ಇನ್ನೊಂದು ದಾರಿ ಹಿಡಿದರು. ಎಲ್ಲ ಅಣುಗಳು ಒಟ್ಟಿಗೆ ಹೊಳೆದರೆ ತಾನೇ ಕಲಸಿಹೋಗುವುದು? ಒಂದಿಷ್ಟನ್ನು ಮಾತ್ರ ಹೊಳೆಸಿ, ಪ್ರತಿಯೊಂದರ ನಡುಬಿಂದು ಗುರುತಿಸಿ, ಆರಿಸಿ, ಬೇರೆ ಒಂದಿಷ್ಟನ್ನು ಹೊಳೆಸುವುದು. ಹೀಗೆ ಸಾವಿರಾರು ಸಲ. ಬೆಟ್ಜಿಗ್ ಮೊದಲು ಸಂಶೋಧನೆ ಬಿಟ್ಟು ಅಪ್ಪನ ಮೆಷಿನ್ ಟೂಲ್ ಕಂಪನಿಗೆ ಸೇರಿದ್ದವರು. ಆಮೇಲೆ ಕೆಲಸ ಇಲ್ಲದ ದಿನಗಳಲ್ಲಿ ಗೆಳೆಯ ಹೆರಾಲ್ಡ್ ಹೆಸ್ ಜೊತೆ ಸೇರಿ ಈ ಮೈಕ್ರೋಸ್ಕೋಪನ್ನು ಹೆಸ್ ಮನೆಯ ಹಾಲಿನಲ್ಲಿ ಕಟ್ಟಿದರು. 2006ರಲ್ಲಿ ಫಲಿತಾಂಶ ಪ್ರಕಟವಾಯಿತು. 2014ರಲ್ಲಿ ಹೆಲ್, ಬೆಟ್ಜಿಗ್, ವಿಲಿಯಂ ಮೋರ್ನರ್ ಮೂವರಿಗೂ ನೊಬೆಲ್.

ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು 2015ರಲ್ಲಿ ಎಂಐಟಿಯ ಎಡ್ ಬಾಯ್ಡನ್ ತಂಡ ಮಾಡಿದ್ದು. ಲೆನ್ಸಿಗೆ ಗಡಿ ಇದ್ದರೆ ಇರಲಿ, ಮಾದರಿಯನ್ನೇ ದೊಡ್ಡದು ಮಾಡೋಣ ಅಂದರು. ಮಗುವಿನ ಡಯಾಪರಿನಲ್ಲಿ ನೀರು ಹೀರುವ ಪುಡಿ ಇರುತ್ತದಲ್ಲ, ಸೋಡಿಯಂ ಪಾಲಿಆಕ್ರಿಲೇಟ್, ಅದೇ ಜಾತಿಯ ಜೆಲ್ಲನ್ನು ಜೀವಕೋಶದೊಳಗೆ ಬೆಳೆಸಿದರು. ಅದಕ್ಕೆ ನೀರು ಹಾಕಿದರು. ಎಲ್ಲ ದಿಕ್ಕಿಗೂ ಸುಮಾರು ನಾಲ್ಕೂವರೆ ಪಟ್ಟು ಉಬ್ಬಿತು. ಹತ್ತಿರ ಇದ್ದ ಚುಕ್ಕೆಗಳು ದೂರವಾದವು. ಮಾಮೂಲಿ ಮೈಕ್ರೋಸ್ಕೋಪಿನಲ್ಲೇ ಕಂಡವು. ಈ ಅಂಕಣದಲ್ಲಿ "ಎಷ್ಟು ಪಟ್ಟು" ಎಂದು ಕೇಳಬಹುದಾದ ಜಾಗ ಇದೊಂದೇ.

ಈಗ ಪೇಟೆಂಟ್. ಐಡಿಯಾ ಹೊಸದಾಗಿರಬೇಕು, ಹೊರಗೆ ಪ್ರಕಟವಾಗಿರಬಾರದು. ಕಾಲೇಜಿನ ಪ್ರಾಜೆಕ್ಟ್ ಪ್ರದರ್ಶನದಲ್ಲಿ ಇಟ್ಟು, ಯೂಟ್ಯೂಬಿಗೆ ವಿಡಿಯೋ ಹಾಕಿ, ಆಮೇಲೆ ಅರ್ಜಿ ಹಾಕುತ್ತೇನೆಂದರೆ ನಿನ್ನ ವಿಡಿಯೋನೇ ನಿನಗೆ ಅಡ್ಡ ಬರುತ್ತದೆ. ಮೊದಲು ಪ್ರಾವಿಷನಲ್ ಅರ್ಜಿ ಹಾಕಬಹುದು. ಆಮೇಲೆ 12 ತಿಂಗಳೊಳಗೆ ಪೂರ್ತಿ ವಿವರ ಕೊಡಬೇಕು. ಕರ್ನಾಟಕದವರಿಗೆ ಚೆನ್ನೈ ಪೇಟೆಂಟ್ ಕಚೇರಿ, ಆನ್‌ಲೈನಿನಲ್ಲೇ ಹಾಕಬಹುದು. ಅರ್ಜಿ ಹಾಕಲು ಒಂದು ಶುಲ್ಕ, ಪರೀಕ್ಷೆಗೆ ಬೇರೆ ಶುಲ್ಕ, ಸಿಕ್ಕ ಮೇಲೆ ಉಳಿಸಿಕೊಳ್ಳಲು ಮತ್ತೊಂದು. ಅವಧಿ ಅರ್ಜಿ ಹಾಕಿದ ದಿನದಿಂದ 20 ವರ್ಷ.

ಆದರೆ ಅಮೆರಿಕದ ಮಾರ್ವಿನ್ ಮಿನ್ಸ್ಕಿಯ ಕಥೆ ಕೇಳು. ಮೆದುಳಿನ ನರಗಳನ್ನು ದಪ್ಪ ಮಾದರಿಯಲ್ಲಿ ನೋಡಲು ಹೋದರೆ ಮೇಲಿನ, ಕೆಳಗಿನ ಪದರಗಳ ಬೆಳಕು ಬಂದು ಕಲಸಿಬಿಡುತ್ತಿತ್ತು. ಅವರು ಸೂಜಿ ತೂತಿನಷ್ಟು ಕಿಂಡಿ ಇಟ್ಟು, ಒಂದು ಸಲಕ್ಕೆ ಒಂದೇ ಚುಕ್ಕೆ ಬೆಳಗಿಸಿ, ಆ ಚುಕ್ಕೆಯಿಂದ ಬಂದ ಬೆಳಕು ಮಾತ್ರ ಒಳಗೆ ಬರುವಂತೆ ಮಾಡಿದರು. ಅದೇ ಕಾನ್‌ಫೋಕಲ್. 1955ರಲ್ಲಿ ಕಟ್ಟಿದರು. ಚಿತ್ರ ನೋಡಲು ಮಿಲಿಟರಿಯ ಹಳೇ ರೇಡಾರ್ ಪರದೆ. ಸೋದರಿಯ ಗಂಡ ಪೇಟೆಂಟ್ ವಕೀಲರಾಗಿದ್ದರು, ಹಾಗಾಗಿ 1957ರಲ್ಲಿ ಅರ್ಜಿಯೂ ಹೋಯಿತು. 1961ರಲ್ಲಿ ಪೇಟೆಂಟ್ ಸಿಕ್ಕಿತು. ಆಗ ಅಲ್ಲಿ ಪೇಟೆಂಟಿನ ಆಯಸ್ಸು ಸಿಕ್ಕಿದ ದಿನದಿಂದ 17 ವರ್ಷ. ಒಳ್ಳೆಯ ಲೇಸರು, ಅಗ್ಗದ ಕಂಪ್ಯೂಟರು ಬಂದು ಕಾನ್‌ಫೋಕಲ್ ಯಂತ್ರಗಳು ಮಾರಾಟಕ್ಕೆ ಬರುವಾಗ 1980ರ ದಶಕದ ಕೊನೆ. ಲೆಕ್ಕ ನೀನೇ ಹಾಕು. ಇವತ್ತು ಬೆಂಗಳೂರಿನ ಜೀವಶಾಸ್ತ್ರದ ದೊಡ್ಡ ಲ್ಯಾಬುಗಳಲ್ಲೆಲ್ಲಾ ಕಾನ್‌ಫೋಕಲ್ ಇದೆ. ಮಿನ್ಸ್ಕಿಗೆ ಅದರಿಂದ ಕಾಸು ಬರಲಿಲ್ಲ.

ಅದಕ್ಕೇ ನನ್ನ ಸಲಹೆ: ಮೊದಲು ಕಟ್ಟು. ಎಸ್‌ಪಿ ರೋಡಿನಲ್ಲಿ ಎಲ್‌ಇಡಿ, ಸ್ಟೆಪ್ಪರ್ ಮೋಟಾರ್, ಕ್ಯಾಮೆರಾ ಬೋರ್ಡ್ ಎಲ್ಲಾ ಸಿಗುತ್ತದೆ. ಓಪನ್‌ಫ್ಲೆಕ್ಷರ್ ಎಂಬ ಮೈಕ್ರೋಸ್ಕೋಪಿನ ನಕ್ಷೆ ಬಿಟ್ಟಿಯಾಗಿ ಸಿಗುತ್ತದೆ. ಇಂಗ್ಲೆಂಡಿನಲ್ಲಿ ಶುರುವಾದದ್ದು. ಸ್ಟೇಜನ್ನು ತ್ರೀಡಿ ಪ್ರಿಂಟರಿನಲ್ಲಿ ಪ್ಲಾಸ್ಟಿಕ್ಕಿನಿಂದ ಮಾಡುತ್ತಾರೆ. ಪ್ಲಾಸ್ಟಿಕ್ ಬಾಗುವ ಗುಣವನ್ನೇ ಬಳಸಿಕೊಂಡು ಅದು ತುಂಬಾ ಸಣ್ಣ ಸಣ್ಣ ಹೆಜ್ಜೆಯಲ್ಲಿ ಸರಿಯುತ್ತದೆ. ಅದನ್ನು ಒಮ್ಮೆ ಮಾಡಿ ನೋಡಿದರೆ ನಿನ್ನ ಐಡಿಯಾ ಎಲ್ಲಿ ನಿಲ್ಲುತ್ತದೆ ಎಂದು ಗೊತ್ತಾಗುತ್ತದೆ. ಆಮೇಲೆ ಒಬ್ಬ ಲ್ಯಾಬ್ ಟೆಕ್ನೀಷಿಯನ್ ಹತ್ತಿರ ಹೋಗಿ, ನಿಮ್ಮ ಕೆಲಸದಲ್ಲಿ ಯಾವುದು ಕಣ್ಣು ನೋಯಿಸುತ್ತದೆ ಎಂದು ಕೇಳು. ನಿನ್ನ ಐಡಿಯಾವನ್ನು ಆಗಲೇ ಬಿಚ್ಚಿಡಬೇಡ.

ಪ್ರಶ್ನೆ: ಆಂಟಿ, ಮನೆಯಲ್ಲೇ ಮೈಕ್ರೋಸ್ಕೋಪ್ ಮಾಡಬಹುದಾ? ನಾನು ಐದನೇ ಕ್ಲಾಸ್. (ಹನುಮಂತನಗರ)

ಉತ್ತರ: ಮಾಡಬಹುದು ಪುಟ್ಟಾ. ಹಾಳಾದ ಲೇಸರ್ ಟಾರ್ಚ್ ಇದ್ದರೆ ಅಪ್ಪನಿಗೋ ಅಮ್ಮನಿಗೋ ಹೇಳಿ ಬಿಚ್ಚಿಸು. ಬ್ಯಾಟರಿ ಮೊದಲೇ ತೆಗೆದಿರಬೇಕು. ಅದರೊಳಗೆ ಒಂದು ಪುಟಾಣಿ ಲೆನ್ಸ್ ಇರುತ್ತದೆ. ಅದನ್ನು ಫೋನಿನ ಕ್ಯಾಮೆರಾದ ಮೇಲೆ ಸರಿಯಾಗಿ ಕೂರಿಸಿ, ಸುತ್ತ ಟೇಪ್ ಹಚ್ಚು. ಗಾಜಿಗೆ ಅಂಟು ತಾಗಬಾರದು. ಈರುಳ್ಳಿಯ ಒಳಗಿನ ತೆಳು ಪೊರೆಯನ್ನು ಗಾಜಿನ ಮೇಲೆ ಒಂದು ಹನಿ ನೀರಲ್ಲಿ ಹರಡು. ಕೆಳಗಿನಿಂದ ಇನ್ನೊಂದು ಫೋನಿನ ಟಾರ್ಚ್ ಬಿಡು. ಲೆನ್ಸನ್ನು ತುಂಬಾ ಹತ್ತಿರ ತರಬೇಕು.

ಹಾಲೆಂಡಿನ ಡೆಲ್ಫ್ಟ್ ಊರಿನಲ್ಲಿ ಆಂಟೊನಿ ಲೇವೆನ್‌ಹುಕ್ ಎಂಬ ಬಟ್ಟೆ ವ್ಯಾಪಾರಿ ಇದ್ದರು. ಅವರ ಮೈಕ್ರೋಸ್ಕೋಪಿನಲ್ಲೂ ಒಂದೇ ಒಂದು ಪುಟ್ಟ ಲೆನ್ಸ್. 1683ರಲ್ಲಿ ಅವರು ತಮ್ಮ ಹಲ್ಲಿನ ಕೊಳೆಯನ್ನು ಕೆರೆದು ನೋಡಿ, ಅದರೊಳಗೆ ಜೀವಿಗಳು ಓಡಾಡುತ್ತಿವೆ ಎಂದು ಲಂಡನ್ನಿಗೆ ಕಾಗದ ಬರೆದರು. ನಿನ್ನ ಲೆನ್ಸಿನಲ್ಲಿ ಅಷ್ಟು ಕಾಣುವುದಿಲ್ಲ. ಈರುಳ್ಳಿಯ ಜೀವಕೋಶದ ಗೋಡೆಗಳು ಕಾಣಬೇಕು. ಕಾಣದಿದ್ದರೆ ಟಾರ್ಚನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ನೋಡು. ಕಂಡದ್ದರ ಚಿತ್ರ ಬರೆದು ಪತ್ರಿಕೆಯ ವಿಳಾಸಕ್ಕೆ ಕಳಿಸು, ಟಾರ್ಚ್ ಎಲ್ಲಿಟ್ಟಿದ್ದೆ ಎಂದೂ ಬರಿ.